ಬೊಂಬೆ ಬಾಗಿನಕ್ಕೆ ಮೊಟ್ಟೆ ಹಾಕದ ಪುಟ್ಟ ಪೆಕಾನ್ ಪೈ: ಬೆಲ್ಲದ ಹದ ಹೇಳಿಕೊಡಿ

ಒಂಟಿಕೊಪ್ಪಲ್ ಅಡುಗೆಮನೆ

ಎಲ್ಲರಿಗೂ ನಮಸ್ಕಾರ. ಸ್ವಲ್ಪ ಉದ್ದ ಬರೆಯುತ್ತಿದ್ದೇನೆ, ಓದಿ ಸಹಾಯ ಮಾಡಿ.

ನನ್ನ ನಾದಿನಿ ಟೆಕ್ಸಾಸ್‌ನಿಂದ ಬಂದಾಗ ಒಂದು ಕಿಲೋ ಪೆಕಾನ್, ಅಕ್ರೋಟಿನಂಥ ಬೀಜ, ತಂದುಕೊಟ್ಟಳು. ಹೋದ ವರ್ಷ ಅವಳ ಮನೆಯಲ್ಲಿ ಪುಟ್ಟ ಪುಟ್ಟ ಪೆಕಾನ್ ಪೈ ತಿಂದಿದ್ದೆ. ಎರಡು ಬೆರಳಲ್ಲಿ ಹಿಡಿದು ಒಂದೇ ಬಾಯಿಗೆ ಹಾಕಿಕೊಳ್ಳುವಷ್ಟು ಚಿಕ್ಕದು. ಅಲ್ಲಿ ಅದಕ್ಕೆ ಟ್ಯಾಸಿ ಅಂತಾರೆ. ಹೊರಗೆ ಬೆಣ್ಣೆ ಬಿಸ್ಕತ್ತಿನ ಹಾಗೆ ಪುಡಿಯಾಗುವ ಬಟ್ಟಲು, ಒಳಗೆ ಕೊಬ್ಬರಿ ಮಿಠಾಯಿಗಿಂತ ಮೆತ್ತಗೆ, ಹಲ್ವಕ್ಕಿಂತ ಗಟ್ಟಿಯಾದ ಸಿಹಿ ಹೂರಣ, ಮೇಲೆ ಕರುಂ ಅನ್ನುವ ಬೀಜ. ಅವತ್ತೇ ಅನ್ನಿಸಿತ್ತು, ಇದು ಬೊಂಬೆ ಬಾಗಿನಕ್ಕೆ ಎಷ್ಟು ಚೆನ್ನಾಗಿರುತ್ತದೆ ಅಂತ.

ನಾವು ಪ್ರತಿ ವರ್ಷ ನವರಾತ್ರಿಯ ಒಂಬತ್ತು ದಿನವೂ ಬೊಂಬೆ ಕೂರಿಸುತ್ತೇವೆ. ಮೊದಲು ಸಂಜೆ ಆರಕ್ಕೆಲ್ಲ "ಬೊಂಬೆ ಕೂರ್ಸಿದ್ದೀರಾ?" ಅಂತ ಮಕ್ಕಳ ದಂಡೇ ಬಾಗಿಲಿಗೆ ಬರುತ್ತಿತ್ತು. ಈಗ ನಮ್ಮ ಬೀದಿಯಲ್ಲಿ ಬರುವುದು ಹತ್ತೋ ಹನ್ನೆರಡೋ ಮಕ್ಕಳು. ಅಷ್ಟು ಮಕ್ಕಳ ಕೈಗಾದರೂ ಚೆನ್ನಾಗಿರೋದು ಇಡಬೇಕು ಅನ್ನೋದು ನನ್ನ ಆಸೆ. ಆದರೆ ಬಾಗಿನ ಮೊದಲು ಬೊಂಬೆ ಮುಂದೆ ನೈವೇದ್ಯಕ್ಕೆ ಇಡುವಂಥದ್ದು, ಅತ್ತೆಯೂ ತಿನ್ನಬೇಕು, ಹಾಗಾಗಿ ಮೊಟ್ಟೆ ಹಾಕುವ ಹಾಗಿಲ್ಲ. ಅಲ್ಲಿ ಹಾಕುವ ಕಾರ್ನ್ ಸಿರಪ್ಪೂ (ಮೆಕ್ಕೆಜೋಳದ ಸಿಹಿ ಪಾಕ) ಬೇಡ, ನಮ್ಮ ಬೆಲ್ಲದಲ್ಲೇ ಮಾಡಬೇಕು.

ಎರಡು ಸಲ ಮಾಡಿ ನೋಡಿದೆ, ಎರಡೂ ಸರಿಯಾಗಲಿಲ್ಲ. ಮೊದಲ ಸಲ ನಾದಿನಿಯ ಅಳತೆಯಲ್ಲೇ ಮೊಟ್ಟೆ ಬಿಟ್ಟು ಎರಡು ಚಮಚ ಕಾರ್ನ್‌ಫ್ಲೋರ್ ಹಾಕಿದೆ. ಓವನ್‌ನಲ್ಲಿ ಹೂರಣ ಗಟ್ಟಿಯಾಗಲೇ ಇಲ್ಲ, ಕುದಿದು ಉಕ್ಕಿ ಬಟ್ಟಲಿಗೂ ಟ್ರೇಗೂ ಅಂಟಿಕೊಂಡಿತು. 24ರಲ್ಲಿ ಪೂರ್ತಿಯಾಗಿ ಎದ್ದು ಬಂದದ್ದು ಐದು. ಎರಡನೇ ಸಲ ಬೆಲ್ಲದ ಪಾಕಕ್ಕೆ ಫ್ರೆಶ್ ಕ್ರೀಮ್ ಹಾಕಿ ಒಲೆ ಮೇಲೆ ಕುದಿಸಿದೆ. ಕ್ರೀಮ್ ಒಡೆದು ಗಂಟುಗಂಟಾಯಿತು. ಹಾಗೇ ತುಂಬಿಸಿ ಬೇಯಿಸಿದೆ, ಬೆಳಿಗ್ಗೆ ನೋಡಿದರೆ ಸಕ್ಕರೆಗಟ್ಟಿ ಮರಳು ಮರಳು. ನವರಾತ್ರಿಗೆ ಇನ್ನು ಮೂರು ವಾರ ಇದೆ. ಎಲ್ಲಿ ತಪ್ಪುತ್ತಿದೆ?

ಕುವೆಂಪುನಗರ ಓವನ್

ಮೇಡಂ, ಮೊದಲನೆಯದಕ್ಕೆ ಕಾರಣ ಹೇಳುತ್ತೇನೆ. ಪೆಕಾನ್ ಪೈನ ಹೂರಣ ನಿಲ್ಲುವುದೇ ಮೊಟ್ಟೆಯಿಂದ. ಬಿಸಿಗೆ ಮೊಟ್ಟೆಯ ಪ್ರೋಟೀನ್ ಗಟ್ಟಿಯಾಗಿ ಸಿರಪ್ಪನ್ನು ಹಿಡಿದುಕೊಳ್ಳುತ್ತದೆ. ಸಿಹಿ ಜಾಸ್ತಿ ಇದ್ದರೆ ಅದು ಗಟ್ಟಿಯಾಗೋದು ತಡ, ಅದಕ್ಕೇ ದೊಡ್ಡ ಪೈ ಮಾಡುವವರು ನಡುವೆ ಥರ್ಮಾಮೀಟರ್ ಚುಚ್ಚಿ 93 ಡಿಗ್ರಿ ಬಂದಮೇಲೆ ಹೊರತೆಗೆಯುತ್ತಾರೆ. ಕಾರ್ನ್‌ಫ್ಲೋರ್ ಕೆಲಸ ಮಾಡುವ ರೀತಿ ಬೇರೆ. ಅದು ಉಬ್ಬಬೇಕಾದರೆ ನೀರು ಬೇಕು. ನಿಮ್ಮ ಹೂರಣದಲ್ಲಿ ಇದ್ದ ಸ್ವಲ್ಪ ನೀರನ್ನೂ ಬೆಲ್ಲ ಹಿಡಿದುಕೊಂಡಿತ್ತು. ಹಿಟ್ಟು ಹಸಿಯಾಗೇ ಉಳಿದುಹೋಯಿತು, ಬೆಲ್ಲ ಮಾತ್ರ ಕುದಿಯಿತು.

ಮೊಟ್ಟೆ ಇಲ್ಲ ಅಂದರೆ ಹೂರಣವನ್ನು ಒಲೆ ಮೇಲೇ ಪೂರ್ತಿ ಹದಕ್ಕೆ ತರಬೇಕು. ಬಟ್ಟಲು ಖಾಲಿಯಾಗಿಯೇ ಬೇಯಿಸಿಟ್ಟುಕೊಳ್ಳಿ. ಆಮೇಲೆ ತುಂಬಿಸಿ ಎಂಟು ಹತ್ತು ನಿಮಿಷ ಮಾತ್ರ ಓವನ್‌ನಲ್ಲಿಡಿ. ಮುಕ್ಕಾಲು ಭಾಗಕ್ಕಿಂತ ಜಾಸ್ತಿ ತುಂಬಿಸಬೇಡಿ. ಉಕ್ಕಿದ ಬೆಲ್ಲ ಆರಿದಮೇಲೆ ಅಂಟಿನ ಹಾಗೆ, ಏಳಲ್ಲ.

ಬೆಣ್ಣೆ ಯಾವುದು ಹಾಕಿದಿರಿ? ಬಟ್ಟಲಿನ ಹಿಟ್ಟು ಹೇಗಿತ್ತು?

ಒಂಟಿಕೊಪ್ಪಲ್ ಅಡುಗೆಮನೆ

ಮನೆಯಲ್ಲೇ ಕಡೆದ ಬೆಣ್ಣೆ ಸರ್. ಬಟ್ಟಲು ಸ್ವಲ್ಪ ಗಟ್ಟಿಯಾಗಿತ್ತು, ನಾದಿನಿ ಮನೆಯದರ ಹಾಗೆ ಪುಡಿಯಾಗಲಿಲ್ಲ. ಅವಳು ಕ್ರೀಮ್ ಚೀಸ್ ಹಾಕುತ್ತಾಳೆ, ನಾನು ಮೊಸರು ಹಾಕಿದೆ.

ಕುವೆಂಪುನಗರ ಓವನ್

ಅದೇ ಕಾರಣ. ಅಂಗಡಿ ಬೆಣ್ಣೆಯಲ್ಲಿ ಕೊಬ್ಬು ಕನಿಷ್ಠ ನೂರಕ್ಕೆ 80 ಭಾಗ ಇರುತ್ತದೆ. ಕಡೆದ ಬೆಣ್ಣೆಯಲ್ಲಿ ಮಜ್ಜಿಗೆ ನೀರು ಎಷ್ಟು ಉಳಿದಿರುತ್ತದೆ ಅಂತ ಹೇಳಕ್ಕಾಗಲ್ಲ. ಮೈದಾಕ್ಕೆ ನೀರು ಸೇರಿ ನಾದಿದಷ್ಟೂ ಅದು ಚಪಾತಿ ಹಿಟ್ಟಿನ ಹಾಗೆ ಜಿಗಿಯಾಗುತ್ತದೆ, ಬೇಯಿಸಿದರೆ ಗಟ್ಟಿ. ಉಪ್ಪಿಲ್ಲದ ಪ್ಯಾಕೆಟ್ ಬೆಣ್ಣೆ ತನ್ನಿ, ನಂದಿನಿಯದೇ ಸಾಕು. ಮೊಸರನ್ನು ಬಟ್ಟೆಯಲ್ಲಿ ಕಟ್ಟಿ ರಾತ್ರಿಯೆಲ್ಲ ಫ್ರಿಜ್‌ನಲ್ಲಿ ನೇತುಹಾಕಿ. ಶ್ರೀಖಂಡಕ್ಕೆ ಕಟ್ಟುತ್ತೀರಲ್ಲ, ಅದಕ್ಕಿಂತ ಇನ್ನೂ ಗಟ್ಟಿ ಬರಲಿ. ನಾದಬೇಡಿ, ಒಟ್ಟುಗೂಡಿಸಿ ಅಷ್ಟೇ.

ಡಲ್ಲಾಸ್‌ನಲ್ಲಿರುವ ಮೈಸೂರಿನವಳು

ಅಕ್ಕಾ, ಇದನ್ನು ಓದಿ ತುಂಬಾ ಖುಷಿಯಾಯಿತು, ಬೊಂಬೆ ಬಾಗಿನ ಅನ್ನೋ ಮಾತು ಕೇಳಿಯೇ ಎಷ್ಟೋ ವರ್ಷ ಆಗಿತ್ತು. ನಾವು ಚಿಕ್ಕವರಿದ್ದಾಗ ಚೀಲ ಹಿಡಿದುಕೊಂಡು ಚಾಮುಂಡಿಪುರಂ ಪೂರ್ತಿ ಸುತ್ತುತ್ತಿದ್ದೆವು.

ಕಾರ್ನ್ ಸಿರಪ್ ಇಲ್ಲದೆ ಆಗುತ್ತದಾ ಅನ್ನುವ ಭಯ ಬೇಡ. ಇಲ್ಲಿ ಪೆಕಾನ್ ಪೈ 19ನೇ ಶತಮಾನದ ಕೊನೆಯಲ್ಲೇ ಇತ್ತು. ಬಾಟಲಿಯ ಕಾರ್ನ್ ಸಿರಪ್, ಕ್ಯಾರೋ ಅನ್ನೋದು, ಮಾರುಕಟ್ಟೆಗೆ ಬಂದದ್ದು 1902ರಲ್ಲಿ. ಆ ಕಂಪನಿಯವರು ಪೈ ಮಾಡುವ ವಿಧಾನವನ್ನು ಮನೆಮನೆಗೆ ತಲುಪಿಸಿದರು, ಜನ ಅದೇ ಮೂಲ ಅಂದುಕೊಂಡರು. ಸಿರಪ್ ಮಾಡುವ ಮುಖ್ಯ ಉಪಕಾರ ಒಂದೇ, ಅದರಲ್ಲಿರುವ ಗ್ಲೂಕೋಸ್ ಸಕ್ಕರೆಯನ್ನು ಹರಳುಗಟ್ಟಲು ಬಿಡಲ್ಲ. ನಿಮ್ಮ ಎರಡನೇ ಸಲದ ಮರಳು ಅದೇ ಸಮಸ್ಯೆ.

ಬೀಜದ ಬಗ್ಗೆ ಎರಡು ಮಾತು. ಪೆಕಾನ್‌ನಲ್ಲಿ ನೂರಕ್ಕೆ 70 ಭಾಗ ಎಣ್ಣೆ. ಹೊರಗಿಟ್ಟರೆ ಬೇಗ ಕಮಟು ಬರುತ್ತದೆ. ಗಾಳಿಯಾಡದ ಡಬ್ಬದಲ್ಲಿ ಫ್ರೀಜರ್‌ಗೆ ಹಾಕಿಡಿ, ಮಾಡುವ ದಿನ ತೆಗೆದು 160 ಡಿಗ್ರಿಯಲ್ಲಿ ಏಳೆಂಟು ನಿಮಿಷ ಹುರಿಯಿರಿ. ಹುರಿಯದೆ ಹಾಕಿದರೆ ಹೂರಣದ ತೇವಕ್ಕೆ ಮೆತ್ತಗಾಗಿ ರುಚಿಯೇ ಇರಲ್ಲ.

ಇನ್ನೊಂದು ಹೇಳಲೇಬೇಕು. ಇದು ಅಮೆರಿಕದ ಮಣ್ಣಿನದೇ ಮರ, ಕಲ್ಲಿನಿಂದ ಒಡೆಯಬೇಕಾದ ಕಾಯಿ ಅಂತ ಇಲ್ಲಿನ ಮೂಲನಿವಾಸಿಗಳ ಮಾತಿನಿಂದ ಬಂದ ಹೆಸರು. ಬೀಜದಿಂದ ಬೆಳೆದ ಮರ ತಾಯಿಮರದ ಹಾಗೆಯೇ ಕಾಯಿ ಬಿಡುತ್ತದೆ ಅನ್ನುವ ಹಾಗಿಲ್ಲ. ತೆಳು ಸಿಪ್ಪೆಯ ಒಳ್ಳೆ ಮರದಿಂದ ಕಸಿ ಕಟ್ಟುವುದನ್ನು 1840ರ ದಶಕದಲ್ಲಿ ಸಾಧಿಸಿದವನು ಲೂಸಿಯಾನಾದ ತೋಟವೊಂದರಲ್ಲಿ ಗುಲಾಮನಾಗಿದ್ದ ಆಂಟ್ವಾನ್. ಆ ತಳಿ 1876ರಲ್ಲಿ ಫಿಲಡೆಲ್ಫಿಯಾ ಪ್ರದರ್ಶನದಲ್ಲಿ ಬಹುಮಾನ ಪಡೆಯಿತು. ಅವನ ಪೂರ್ತಿ ಹೆಸರು ಕೂಡ ದಾಖಲೆಯಲ್ಲಿ ಉಳಿದಿಲ್ಲ. ನಾನು ಪ್ರತಿ ಸಲ ಪೈ ಮಾಡುವಾಗ ಮಗಳಿಗೆ ಇದನ್ನು ಹೇಳುತ್ತೇನೆ.

ಮಂಡ್ಯ ಆಲೆಮನೆ

ಅಕ್ಕ, ನಮ್ಮದು ಮೂರು ತಲೆಮಾರಿನ ಆಲೆಮನೆ, ಬೆಲ್ಲದ ವಿಷಯ ಬಂತು ಅಂತ ಬರೆಯುತ್ತಿದ್ದೇನೆ. ಯಾವ ಬೆಲ್ಲ ಹಾಕಿದಿರಿ? ಅಚ್ಚು ಬೆಲ್ಲವಾ? ಬಣ್ಣ ಹೇಗಿತ್ತು?

ಒಂಟಿಕೊಪ್ಪಲ್ ಅಡುಗೆಮನೆ

ಅಚ್ಚು ಬೆಲ್ಲವೇ, ಚಿನ್ನದ ಹಾಗೆ ಹಳದಿ. ಒಬ್ಬಟ್ಟಿಗೂ ಅದನ್ನೇ ಹಾಕುತ್ತೇವೆ.

ಮಂಡ್ಯ ಆಲೆಮನೆ

ಹಾಗಾದರೆ ಕೇಳಿ. ಬೆಲ್ಲಕ್ಕೆ ಪಾಕ ಇಳಿಸೋದು 118 ಡಿಗ್ರಿ ಹತ್ತಿರ. ಅಚ್ಚಿನಲ್ಲಿ ಗಟ್ಟಿಯಾಗಿ ನಿಲ್ಲಬೇಕು ಅಂದರೆ ಅದು ಹರಳುಗಟ್ಟಲೇಬೇಕು. ಒಳ್ಳೆ ಅಚ್ಚು ಬೆಲ್ಲ ಮುರಿದರೆ ಒಳಗೆ ಹರಳು ಮಿನುಗುತ್ತದೆ ನೋಡಿ. ಅದನ್ನು ಕರಗಿಸಿ ಮತ್ತೆ ಗಟ್ಟಿ ಪಾಕ ಮಾಡಿದರೆ ಅದು ಮತ್ತೆ ಹರಳಾಗುತ್ತದೆ. ಅದರ ಗುಣವೇ ಅದು. ನಿಮ್ಮ ತಪ್ಪಲ್ಲ, ಈ ಕೆಲಸಕ್ಕೆ ಆ ಬೆಲ್ಲ ಅಲ್ಲ.

ನಿಮಗೆ ಬೇಕಾಗಿರೋದು ಜೋನಿ ಬೆಲ್ಲ, ನೀರು ಬೆಲ್ಲ ಅಂತಲೂ ಅಂತಾರೆ. ಅದನ್ನು 105 ಡಿಗ್ರಿ ಆಸುಪಾಸಿನಲ್ಲೇ ಇಳಿಸುತ್ತಾರೆ, ಜೇನಿನ ಹಾಗೆ ಇರುತ್ತದೆ. ಅದರಲ್ಲಿ ಸಕ್ಕರೆಯ ಒಂದು ಪಾಲು ಒಡೆದು ಗ್ಲೂಕೋಸ್, ಫ್ರಕ್ಟೋಸ್ ಆಗಿರುತ್ತದೆ. ಡಲ್ಲಾಸ್ ಅಕ್ಕ ಹೇಳಿದ ಸಿರಪ್ಪಿನ ಕೆಲಸವನ್ನು ಅದೇ ಮಾಡುತ್ತದೆ.

ಜೋನಿ ಬೆಲ್ಲ ಸಿಗದಿದ್ದರೆ ಇನ್ನೊಂದು ದಾರಿ ಇದೆ. ಕಬ್ಬು ಕಡಿದು ನಾಲ್ಕೈದು ದಿನ ಬಿಟ್ಟು ಅರೆದರೆ ಕಬ್ಬಿನ ಹಾಲಿನಲ್ಲಿ ಹುಳಿ ಏರಿ ಸಕ್ಕರೆ ಒಡೆದುಹೋಗುತ್ತದೆ. ಆ ಬೆಲ್ಲ ಅಚ್ಚಿಗೆ ನಿಲ್ಲಲ್ಲ, ಮೆತ್ತಗೆ ಜಿಗಟು ಇರುತ್ತದೆ, ಮಾರುಕಟ್ಟೆಯಲ್ಲಿ ಬೆಲೆ ಬರಲ್ಲ. ನಮಗೆ ನಷ್ಟದ ಬೆಲ್ಲ, ಆದರೆ ನಿಮ್ಮ ಹೂರಣಕ್ಕೆ ಅದೇ ಸರಿ, ಹರಳಾಗಲ್ಲ.

ಬಣ್ಣದ ಬಗ್ಗೆ ಒಂದು ಮಾತು ಹೇಳಲೇಬೇಕು. ಬೆಲ್ಲ ಚಿನ್ನದ ಹಾಗೆ ಹಳದಿ ಇದ್ದರೆ ಹೈಡ್ರೋಸ್ (ಬಣ್ಣ ತಿಳಿಯಾಗಿಸುವ ರಾಸಾಯನಿಕ) ಬಿದ್ದಿರೋದೇ ಜಾಸ್ತಿ. ಸುಣ್ಣ ಮತ್ತು ಬೆಂಡೆ ಗಿಡದ ಲೋಳೆಯಲ್ಲಿ ಮಡ್ಡಿ ತೆಗೆದ ಬೆಲ್ಲ ಕಂದು ಬಣ್ಣಕ್ಕೇ ಇರುತ್ತದೆ. ಕಂದು ಬೆಲ್ಲ ಕೇಳಿ ತಗೊಳ್ಳಿ ಅಕ್ಕ. ಗಿರಾಕಿ ಹಳದಿ ಕೇಳುವುದು ನಿಲ್ಲಿಸಿದರೆ ನಾವು ಹಾಕುವುದು ತಾನಾಗೇ ನಿಲ್ಲುತ್ತದೆ, ನಾನು ಹತ್ತು ವರ್ಷದಿಂದ ಎಲ್ಲರಿಗೂ ಇದನ್ನೇ ಹೇಳುತ್ತಿದ್ದೇನೆ.

ಹೊಸದಾಗಿ ಬೇಕಿಂಗ್

ನನ್ನದೂ ಒಂದು ಪ್ರಶ್ನೆ. ಹರಳಾಗದ ಹಾಗೆ ನಿಂಬೆ ರಸ ಎರಡು ಹನಿ ಹಾಕಿದರೆ ಆಗಲ್ವಾ? ಸಕ್ಕರೆ ಪಾಕಕ್ಕೆ ಅಮ್ಮ ಹಾಗೇ ಮಾಡುತ್ತಾರೆ.

ಅಜ್ಜಿಯ ಕೈಚಳಕ

ಮಗು, ಬರೀ ಪಾಕಕ್ಕೆ ಆಗುತ್ತೆ. ಇಲ್ಲಿ ಕ್ರೀಮ್ ಹಾಕಬೇಕಲ್ಲ, ಹುಳಿ ಬಿದ್ದರೆ ಹಾಲು ಒಡೆಯುತ್ತೆ. ಬೆಲ್ಲದಲ್ಲಿ ಮೊದಲೇ ಹುಳಿ ಇರುತ್ತೆ. ಬೆಲ್ಲದ ಪಾಯಸಕ್ಕೆ ನಾವು ಒಲೆ ಆರಿಸಿ ಆರಿದಮೇಲೆ ಹಾಲು ಸೇರಿಸೋದು ಅದಕ್ಕೇ ಅಲ್ವಾ.

ಒಂಟಿಕೊಪ್ಪಲಿನವರೇ, ನಿಮ್ಮ ಕ್ರೀಮ್ ಒಡೆದದ್ದು ಕುದಿಯೋ ಪಾಕಕ್ಕೆ ಫ್ರಿಜ್‌ನಿಂದ ತೆಗೆದ ತಣ್ಣನೆ ಕ್ರೀಮ್ ಸುರಿದದ್ದಕ್ಕೆ ಇರಬೇಕು. ನಾನು ಹೀಗೆ ಮಾಡುತ್ತೇನೆ. ಬೆಲ್ಲ ಕರಗಿಸಿ ಸೋಸಿ, ಒಂದೆಳೆ ಬಂದಮೇಲೆ ಬೆಣ್ಣೆ ಹಾಕಿ ಒಲೆಯಿಂದ ಇಳಿಸಿ. ಅಡುಗೆ ಸೋಡಾ ಚಿಟಿಕೆ ಹಾಕಿ, ಬುರುಬುರು ಅಂತ ನೊರೆ ಏಳುತ್ತೆ, ಹುಳಿ ಸತ್ತಿತು ಅಂತ ಅರ್ಥ. ನೊರೆ ಇಳಿದಮೇಲೆ ಮೊದಲೇ ಫ್ರಿಜ್‌ನಿಂದ ಹೊರಗಿಟ್ಟು ತಂಪು ಹೋದ ಕ್ರೀಮ್ ನಿಧಾನವಾಗಿ ತಿರುಗಿಸುತ್ತ ಹಾಕಿ. ಆಮೇಲೆ ಸಣ್ಣ ಉರಿ. ಸೋಡಾ ಚಿಟಿಕೆಗಿಂತ ಜಾಸ್ತಿ ಹಾಕಿದರೆ ಸೋಪಿನ ರುಚಿ ಬರುತ್ತೆ, ಕೈ ಹಿಡಿದು ಹಾಕಿ.

ಕುವೆಂಪುನಗರ ಓವನ್

ಅಮ್ಮ ಹೇಳಿದ್ದು ನೂರಕ್ಕೆ ನೂರು ಸರಿ. ಥರ್ಮಾಮೀಟರ್ ಇಟ್ಟುಕೊಂಡು ಮಾಡುವವರಿಗೆ ಒಂದು ಸಣ್ಣ ಮಾತು ಸೇರಿಸುತ್ತೇನೆ. ಮೈಸೂರು ಸಮುದ್ರಮಟ್ಟದಿಂದ ಸುಮಾರು 770 ಮೀಟರ್ ಎತ್ತರದಲ್ಲಿದೆ. ಇಲ್ಲಿ ನೀರು ಕುದಿಯೋದು 97.5 ಡಿಗ್ರಿ ಹತ್ತಿರ. ಹಾಗಾಗಿ ಅಮೆರಿಕದ ಪುಸ್ತಕದಲ್ಲಿ ಪಾಕಕ್ಕೆ 112 ಅಂತ ಇದ್ದರೆ ನಮಗೆ ಎರಡೂವರೆ ಡಿಗ್ರಿ ಕಡಿಮೆಯಲ್ಲೇ ಅದೇ ಹದ ಬಂದಿರುತ್ತದೆ. ಅಂಕಿ ನೋಡಿಕೊಂಡು ಕಾದರೆ ಪಾಕ ಮೀರುತ್ತದೆ. ಬೆರಳಿನ ಎಳೆ ನೋಡುವುದೇ ವಾಸಿ.

ಹೊಸದಾಗಿ ಬೇಕಿಂಗ್

ಚಿಕ್ಕ ಮಫಿನ್ ಟ್ರೇ ನನ್ನ ಹತ್ತಿರ ಇಲ್ಲ. ಪಡ್ಡು ತವಾದಲ್ಲಿ ಮಾಡಬಹುದಾ? ಮಿನಿ ಇಡ್ಲಿ ತಟ್ಟೆ?

ಕುವೆಂಪುನಗರ ಓವನ್

ಪಡ್ಡು ತವಾ ಒಲೆ ಮೇಲೆ ಇಟ್ಟರೆ ತಳ ಸೀಯುತ್ತದೆ, ಅಂಚು ಹಸಿ ಉಳಿಯುತ್ತದೆ, ಇದಕ್ಕೆ ಮೇಲಿನ ಬಿಸಿ ಬೇಕು. ಪ್ಲಾಸ್ಟಿಕ್ ಹಿಡಿ ಇಲ್ಲದ ಬೀಡು ಕಬ್ಬಿಣದ ತವಾ ಆದರೆ ಓಟಿಜಿ (ಮನೆಯ ಪುಟ್ಟ ಕರೆಂಟ್ ಓವನ್) ಒಳಗೇ ಇಟ್ಟು ಮಾಡಬಹುದು, ನಾನು ಮಾಡಿದ್ದೇನೆ. ಬಟ್ಟಲಿನ ಆಕಾರ ಗುಂಡಗೆ ಬರುತ್ತದೆ, ರುಚಿಗೇನೂ ಕಡಿಮೆ ಇಲ್ಲ. ಬೀಡು ಕಾಯಲು ಹೊತ್ತು ಜಾಸ್ತಿ, ಐದು ನಿಮಿಷ ಸೇರಿಸಿ. ಮಿನಿ ಇಡ್ಲಿ ತಟ್ಟೆ ಬೇಡ, ಗುಳಿ ಆಳ ಇಲ್ಲ.

ಶ್ರೀರಂಗಪಟ್ಟಣದ ಗೃಹಿಣಿ

ಪೆಕಾನ್ ನಮ್ಮ ಕಡೆ ಅಂಗಡಿಯಲ್ಲಿ ನೋಡಿಯೇ ಇಲ್ಲ. ಬೇರೆ ಏನು ಹಾಕಬಹುದು?

ಡಲ್ಲಾಸ್‌ನಲ್ಲಿರುವ ಮೈಸೂರಿನವಳು

ಅಕ್ರೋಟು ಹಾಕಿ. ಎರಡೂ ಒಂದೇ ಕುಟುಂಬದ ಮರ. ಅಕ್ರೋಟು ಸ್ವಲ್ಪ ಕಹಿ, ಹುರಿದು ಬಟ್ಟೆಯಲ್ಲಿ ಉಜ್ಜಿ ಸಿಪ್ಪೆ ಉದುರಿಸಿದರೆ ಕಡಿಮೆಯಾಗುತ್ತದೆ. ಪೆಕಾನ್ ಮೇಲೆ ಭಾರತದಲ್ಲಿ ಆಮದು ಸುಂಕ ನೂರಕ್ಕೆ 100 ಇತ್ತು, 2023ರ ಬಜೆಟ್‌ನಲ್ಲಿ 30ಕ್ಕೆ ಇಳಿಸಿದರು. ಆದರೂ ಅದು ದುಬಾರಿಯೇ.

ಮಂಡ್ಯ ಆಲೆಮನೆ

ಕಡಲೆಕಾಯಿ ಬೀಜ ಹುರಿದು ಒಡೆದು ಹಾಕಿ ನೋಡಿ ಅಕ್ಕ. ಬೆಲ್ಲಕ್ಕೂ ಕಡಲೆಕಾಯಿಗೂ ಹಳೇ ನೆಂಟಸ್ತನ.

ಎರಡು ಮಕ್ಕಳ ತಾಯಿ

ಎಲ್ಲರಿಗೂ ಒಂದು ಕೋರಿಕೆ. ನನ್ನ ಚಿಕ್ಕ ಮಗನಿಗೆ ಬೀಜಗಳ ಅಲರ್ಜಿ ಇದೆ. ಅಕ್ರೋಟು ತಿಂದರೆ ತುಟಿ ಊದಿ ಉಸಿರು ಕಟ್ಟುತ್ತದೆ, ಒಂದು ಸಲ ರಾತ್ರಿ ಆಸ್ಪತ್ರೆಗೆ ಓಡಿದ್ದೇವೆ. ಅಕ್ರೋಟು ಆಗದವರಿಗೆ ಪೆಕಾನೂ ಆಗದಿರೋದೇ ಹೆಚ್ಚು ಅಂತ ಡಾಕ್ಟರ್ ಹೇಳಿದ್ದಾರೆ. ಬೊಂಬೆ ನೋಡೋಕೆ ಮಕ್ಕಳು ಅಪ್ಪ ಅಮ್ಮ ಇಲ್ಲದೆ ಬರುತ್ತಾರೆ, ಕೈಗೆ ಕೊಟ್ಟದ್ದನ್ನು ಅಲ್ಲೇ ತಿನ್ನುತ್ತಾರೆ. ಕೊಡುವ ಮೊದಲು ಒಂದು ಮಾತು ಕೇಳಿ. ತೀರಾ ಪುಟ್ಟ ಮಕ್ಕಳಿಗೆ ಇಡೀ ಬೀಜ ಗಂಟಲಿಗೆ ಸಿಕ್ಕಿಕೊಳ್ಳುತ್ತದೆ, ಅದನ್ನೂ ನೋಡಿಕೊಳ್ಳಿ.

ಒಂಟಿಕೊಪ್ಪಲ್ ಅಡುಗೆಮನೆ

ನೀವು ಹೇಳಿದ್ದು ತುಂಬಾ ಒಳ್ಳೆಯದಾಯಿತು, ನನಗೆ ಹೊಳೆದೇ ಇರಲಿಲ್ಲ. ಬೀಜ ಸಣ್ಣಗೆ ಹೆಚ್ಚಿಯೇ ಹಾಕುತ್ತೇನೆ. ಅಲರ್ಜಿ ಇರುವ ಮಕ್ಕಳಿಗೆ ಅಂತ ಕೊಬ್ಬರಿ ಮಿಠಾಯಿ ಬೇರೆ ದಿನ, ಬೇರೆ ಪಾತ್ರೆಯಲ್ಲಿ ಮಾಡಿ ಬೇರೆ ಡಬ್ಬದಲ್ಲಿ ಇಡುತ್ತೇನೆ. ಬಾಗಿಲಲ್ಲೇ ಕೇಳುತ್ತೇನೆ.

ಒಂಟಿಕೊಪ್ಪಲ್ ಅಡುಗೆಮನೆ (ಎಂಟು ದಿನ ಬಿಟ್ಟು)

ಬಂತು! ನಿನ್ನೆ ಮಾಡಿದ್ದು ಚೆನ್ನಾಗಿ ಬಂತು. ಅಳತೆ ಕೇಳುತ್ತೀರಿ ಅಂತ ಗೊತ್ತು, ಬರೆಯುತ್ತೇನೆ.

ಬಟ್ಟಲಿಗೆ ಮೈದಾ 130 ಗ್ರಾಂ, ತಣ್ಣನೆ ಬೆಣ್ಣೆ 110 ಗ್ರಾಂ, ಗಟ್ಟಿ ಕಟ್ಟಿದ ಮೊಸರು 70 ಗ್ರಾಂ, ಉಪ್ಪು ಚಿಟಿಕೆ. ಬೆಣ್ಣೆಯನ್ನು ಮೈದಾದಲ್ಲಿ ಬೆರಳ ತುದಿಯಿಂದ ರವೆ ಹಾಗೆ ಉದುರಿಸಿಕೊಂಡೆ, ಮೊಸರು ಹಾಕಿ ಸುಮ್ನೆ ಒತ್ತಿ ಕೂಡಿಸಿ ಫ್ರಿಜ್‌ನಲ್ಲಿ ಒಂದು ಗಂಟೆ ಇಟ್ಟೆ. 24 ಉಂಡೆ ಮಾಡಿ ಮಫಿನ್ ಟ್ರೇಯ ಗುಳಿಯಲ್ಲಿ ಹೆಬ್ಬೆರಳಿನಿಂದ ಅಂಚಿನವರೆಗೂ ಒತ್ತಿದೆ. ಫೋರ್ಕಿನಿಂದ ತಳಕ್ಕೆ ಚುಚ್ಚಿ ಮತ್ತೆ ಅರ್ಧ ಗಂಟೆ ಫ್ರಿಜ್. ಈ ಅರ್ಧ ಗಂಟೆ ಬಿಟ್ಟರೆ ಅಂಚು ಒಳಗೆ ಕುಸಿಯುತ್ತದೆ, ಒಂದು ಟ್ರೇ ಬಿಟ್ಟು ನೋಡಿದೆ, ಹಾಗೇ ಆಯಿತು. 170 ಡಿಗ್ರಿಯಲ್ಲಿ 20 ನಿಮಿಷಕ್ಕೆ ಹೊಂಬಣ್ಣ ಬಂತು. ನಮ್ಮ ಓಟಿಜಿಯಲ್ಲಿ ಹಿಂದಿನ ಸಾಲು ಬೇಗ ಕೆಂಪಾಗುತ್ತದೆ, ಹತ್ತು ನಿಮಿಷಕ್ಕೆ ಟ್ರೇ ತಿರುಗಿಸಿದೆ.

ಹೂರಣದ ವಿಷಯ ನಿಧಾನವಾಗಿ ಹೇಳಬೇಕು, ನಾನು ಎರಡು ವಾರ ಒದ್ದಾಡಿದ್ದೇ ಇದಕ್ಕೆ. ಮಲೆನಾಡಿನ ಕಡೆಯವರೊಬ್ಬರಿಂದ ಜೋನಿ ಬೆಲ್ಲ ಸಿಕ್ಕಿತು. ಅದು 100 ಗ್ರಾಂ, ಕಂದು ಅಚ್ಚು ಬೆಲ್ಲ 50 ಗ್ರಾಂ. ಎರಡು ಚಮಚ ನೀರಲ್ಲಿ ಕರಗಿಸಿ ಸೋಸಿದೆ. ಒಂದೆಳೆ ಬರುತ್ತಿದ್ದ ಹಾಗೆ ಬೆಣ್ಣೆ 30 ಗ್ರಾಂ ಹಾಕಿ ಇಳಿಸಿದೆ. ಸೋಡಾ ಹಾಕಿದಾಗ ನೊರೆ ನಿಜವಾಗಲೂ ಎದ್ದಿತು ಅಮ್ಮ! ಬೆಲ್ಲದಲ್ಲಿ ಅಷ್ಟು ಹುಳಿ ಇರುತ್ತೆ ಅಂತ ಇಷ್ಟು ವರ್ಷ ಗೊತ್ತಿರಲಿಲ್ಲ. ಮೂರು ನಿಮಿಷ ಬಿಟ್ಟು ಕ್ರೀಮ್ 80 ಮಿಲಿ ನಿಧಾನವಾಗಿ ಸೇರಿಸಿದೆ, ಒಡೆಯಲಿಲ್ಲ. ಎರಡು ಟೀ ಚಮಚ ಕಾರ್ನ್‌ಫ್ಲೋರನ್ನು ಎರಡು ದೊಡ್ಡ ಚಮಚ ತಣ್ಣನೆ ಹಾಲಲ್ಲಿ ಕಲಸಿ ಹಾಕಿ, ಸಣ್ಣ ಉರಿಯಲ್ಲಿ ಬಜ್ಜಿ ಹಿಟ್ಟಿನ ಹದ ಬರುವ ತನಕ ತಿರುಗಿಸಿದೆ. ಕಾಲು ಚಮಚ ಉಪ್ಪು ಹಾಕಲೇಬೇಕು, ಇಲ್ಲದಿದ್ದರೆ ಬರೀ ಸಿಹಿ ಬಾಯಿಗೆ ಹೊಡೆಯುತ್ತದೆ. ಹುರಿದ ಪೆಕಾನ್ 100 ಗ್ರಾಂ ಹೆಚ್ಚಿ ಬೆರೆಸಿ, ಮುಕ್ಕಾಲು ಭಾಗ ತುಂಬಿಸಿ 160 ಡಿಗ್ರಿಯಲ್ಲಿ ಒಂಬತ್ತು ನಿಮಿಷ ಇಟ್ಟೆ. ಬಿಸಿ ಇರುವಾಗಲೇ ಅಂಚಿಗೆ ಚಾಕು ತುದಿ ಆಡಿಸಿ ಬಿಡಿಸಿದೆ. 24ಕ್ಕೆ 24 ಎದ್ದು ಬಂತು.

ಏಲಕ್ಕಿ ಹಾಕಿದ್ದು ಅರ್ಧ, ವೆನಿಲಾ ಹಾಕಿದ್ದು ಅರ್ಧ ಮಾಡಿದೆ. ನನಗೆ ಏಲಕ್ಕಿಯದು ಸರಿ ಅನ್ನಿಸಲಿಲ್ಲ. ಪೆಕಾನ್‌ದು ಮೆಲ್ಲನೆಯ ವಾಸನೆ, ಏಲಕ್ಕಿ ಅದನ್ನು ಮುಚ್ಚಿಬಿಡುತ್ತದೆ. ಅತ್ತೆ ಮಾತ್ರ ಏಲಕ್ಕಿಯದೇ ಚೆಂದ ಅಂದರು, ಎರಡು ತಿಂದರು.

ಅಜ್ಜಿಯ ಕೈಚಳಕ

ಓದಿ ಬಾಯಲ್ಲಿ ನೀರು ಬಂತು. ಒಂಬತ್ತು ದಿನಕ್ಕೆ ಹೇಗೆ ಇಡ್ತೀರಿ? ಕ್ರೀಮ್ ಇದೆಯಲ್ಲ.

ಒಂಟಿಕೊಪ್ಪಲ್ ಅಡುಗೆಮನೆ

ಅದನ್ನೂ ಯೋಚಿಸಿದ್ದೇನೆ ಅಮ್ಮ. ಖಾಲಿ ಬಟ್ಟಲು ಡಬ್ಬದಲ್ಲಿ ಒಂದು ವಾರ ಗರಿಗರಿಯಾಗೇ ಇರುತ್ತದೆ. ತುಂಬಿಸಿಟ್ಟರೆ ಬೆಲ್ಲ ತೇವ ಎಳೆದು ಮರುದಿನಕ್ಕೆ ತಳ ಮೆತ್ತಗಾಗುತ್ತದೆ. ಹಾಗಾಗಿ ಬಟ್ಟಲು ಎರಡು ಕಂತಿನಲ್ಲಿ ಮಾಡಿಟ್ಟುಕೊಂಡು, ಹೂರಣ ಎರಡು ದಿನಕ್ಕೊಮ್ಮೆ ಮಾಡಿ ಫ್ರಿಜ್‌ನಲ್ಲಿಟ್ಟು, ದಿನಾ ಮಧ್ಯಾಹ್ನ ಆ ಸಂಜೆಗೆ ಬೇಕಾದಷ್ಟು ಮಾತ್ರ ತುಂಬಿಸಿ ಬೇಯಿಸುತ್ತೇನೆ.

ಮಂಡ್ಯ ಆಲೆಮನೆ

ಅಕ್ಕ, ಜೋನಿ ಬೆಲ್ಲಕ್ಕೆ ಮಲೆನಾಡಿನವರೆಗೂ ಹೋಗಬೇಡಿ. ಮುಂದಿನ ವಾರ ಕೊಪ್ಪರಿಗೆ ಒಲೆ ಮೇಲೆ ಏರುತ್ತದೆ, ಒಂದು ಪಾಕ ಬೇಗ ಇಳಿಸಿ ತೆಗೆದಿಡುತ್ತೇನೆ. ಹೈಡ್ರೋಸ್ ಹಾಕಲ್ಲ, ಬೆಂಡೆ ಗಿಡ ಹಾಕಿಯೇ ಮಡ್ಡಿ ತೆಗೆಯೋದು. ಡಬ್ಬ ತೊಳೆದು ಚೆನ್ನಾಗಿ ಒಣಗಿಸಿ ತನ್ನಿ, ಒಂದು ಹನಿ ನೀರಿದ್ದರೂ ಬೂಸ್ಟು ಬರುತ್ತದೆ.

ಒಂಟಿಕೊಪ್ಪಲ್ ಅಡುಗೆಮನೆ

ಖಂಡಿತ ಬರುತ್ತೇನೆ ತಮ್ಮಾ. ಬರುವಾಗ ನಿಮ್ಮ ಮನೆ ಮಕ್ಕಳಿಗೆ ಒಂದು ಡಬ್ಬ ಪೈ ತರುತ್ತೇನೆ. ಯಾರಿಗಾದರೂ ಬೀಜದ ಅಲರ್ಜಿ ಇದ್ದರೆ ಮೊದಲೇ ಹೇಳಿಬಿಡಿ.